ಅತ್ತೆಯ ಹದಿನಾಲ್ಕು ಪ್ರಶ್ನೆ

ನಮ್ಮತ್ತೆಗೆ ಎಪ್ಪತ್ತಮೂರನೇ ವಯಸ್ಸಲ್ಲಿ ಗಾಂಜಾ ಬಗ್ಗೆ ಹದಿನಾಲ್ಕು ಪ್ರಶ್ನೆ ಹುಟ್ಟಿದ್ವು. ನಗಬೇಡಿ. ನಾನೂ ಈಗ ನಗ್ತೀನಿ, ಆದ್ರೆ ಆಗ ನಾನು ಮಾಡಿದ ರಂಪಾಟಕ್ಕೆ ಮನೆ ಮೇಲಿನ ಶೀಟು ಹಾರಿಹೋಗದೇ ಇದ್ದಿದ್ದೇ ಪುಣ್ಯ.

ಅತ್ತೆ ರಾಯಚೂರು ಕಡೆಯೋರು. ಮೂವತ್ನಾಲ್ಕು ವರ್ಷ ಸರ್ಕಾರಿ ಶಾಲೇಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ರಿಟೈರ್ ಆದೋರು. ನಾನು ಮಂಡ್ಯದ ಕಡೆಯವಳು, ರಾಜಾಜಿನಗರದ ಒಂದು ಆಫೀಸಲ್ಲಿ ಕೆಲಸ. ಮಾತು ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ. ನನ್ನ ಗಂಡನಿಗೆ ದಾವಣಗೆರೇಲಿ ಕೆಲಸ, ಬರೋದು ಭಾನುವಾರ ಮಾತ್ರ. ಹಂಗಾಗಿ ಮೂಡಲಪಾಳ್ಯದ ನಮ್ಮ ಮನೇಲಿ ವಾರವೆಲ್ಲ ಮೂರೇ ಜನ: ನಾನು, ಅತ್ತೆ, ಮತ್ತೆ ನನ್ನ ಮಗಳು. ಮಗಳಿಗೆ ಇಪ್ಪತ್ತು, ಕೆಂಗೇರಿ ಕಾಲೇಜಲ್ಲಿ ಫಾರ್ಮಸಿ ಓದ್ತಾಳೆ.

ಆ ವರ್ಷ ಅತ್ತೆಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಡಾಕ್ಟರು ಆರು ಸಲ ಕೀಮೋ ಕೊಡಬೇಕು, ಪೂರ್ತಿ ಮುಗಿಸಿದ್ರೆ ಒಳ್ಳೇ ಆಸೆ ಇದೆ ಅಂದ್ರು. ಮೂರಾಯ್ತು. ಪ್ರತಿ ಸಲಾನೂ ಕೊಟ್ಟ ಮಾರನೇ ದಿನದಿಂದ ವಾಂತಿ ಶುರು, ವಾರಗಟ್ಟಲೆ. ಜೋಳದ ರೊಟ್ಟಿ ಬಡಿಯೋ ಸದ್ದು ಕೇಳಿದ್ರೆ ಎದ್ದು ಕೂರ್ತಿದ್ದ ಹೆಂಗಸು, ರೊಟ್ಟಿ ಹೆಂಚಿನ ವಾಸನೆಗೇ ಸೆರಗು ಮೂಗಿಗೆ ಹಿಡ್ಕೊಂಡು ಬಾತ್‌ರೂಮಿಗೆ ಓಡೋ ಹಂಗಾಯ್ತು. ಕೈಬಳೆ ಮೊಣಕೈ ತನಕ ಜಾರ್ತಿತ್ತು. ಮೂರನೇದು ಆದ್ಮೇಲೆ ಒಂದು ಬೆಳಿಗ್ಗೆ ಗೋಡೆ ಕಡೆ ಮುಖ ಮಾಡ್ಕೊಂಡು ಹೇಳಿದ್ರು: "ಸಾಕವಾ. ನಾಲ್ಕನೇದಕ್ಕ ನಾ ಬರಂಗಿಲ್ಲ."

ಬೈದೆ, ಬೇಡ್ಕೊಂಡೆ, ಗಂಡನಿಂದ ಫೋನ್ ಮಾಡಿಸ್ದೆ. ಊಹೂಂ. ಬಂದಿದ್ದು ಬಂದಂಗೇ ಹೋಗ್ಲಿ ಅಂತ ಒಂದೇ ಹಟ.

ಆ ವಾರವೇ ಅತ್ತೆಯ ತಮ್ಮ ಊರಿಂದ ನೋಡೋಕೆ ಬಂದ್ರು. ನಾನು ಆಫೀಸಲ್ಲಿದ್ದೆ, ಇದೆಲ್ಲ ನನಗೆ ತಿಳಿದಿದ್ದು ಆಮೇಲೆ. ಅವರ ಕಡೆ ಕೆಲವು ಶಿವಶರಣರ ಗದ್ದುಗೆಗಳಲ್ಲಿ ಒಂದು ಪದ್ಧತಿ ಇದೆ. ಭಕ್ತರಿಗೆ ಸೊಪ್ಪನ್ನೇ ಪ್ರಸಾದ ಅಂತ ಕೊಡ್ತಾರೆ. ಸೊಪ್ಪು ಅಂದ್ರೆ ಗಾಂಜಾ. ಅದರಲ್ಲಿ ನಾಚಿಕೆ ಪಡೋದೇನೂ ಅವರಿಗಿಲ್ಲ, ನಮ್ಮಲ್ಲಿ ಪುಳಿಯೋಗರೆ ಕೊಟ್ಟಂಗೆ. ತಮ್ಮ ಒಂದು ಸಣ್ಣ ಪೊಟ್ಟಣ ಬಿಚ್ಚಿ, "ಅಕ್ಕಾ, ಚೂರು ಚೂರೇ ತಗೋ. ವಾಂತಿ ನಿಲ್ತದ, ಹಸಿವಿ ಆಗ್ತದ" ಅಂದ್ರಂತೆ.

ಇಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಎರಡರಲ್ಲಿ ಒಂದು ಮಾಡ್ತಿದ್ರು. ದೇವರ ಹೆಸರು ಹೇಳಿ ಬಾಯಿಗೆ ಹಾಕ್ಕೋತಿದ್ರು, ಇಲ್ಲಾ ಅಯ್ಯೋ ಪೊಲೀಸು ಅಂತ ಕಿಟಕಿಯಿಂದಾಚೆ ಬಿಸಾಕ್ತಿದ್ರು. ಅತ್ತೆ ಎರಡೂ ಮಾಡ್ಲಿಲ್ಲ. ಪ್ರಸಾದ, ಬಿಸಾಕೋ ಹಂಗಿಲ್ಲ. ಏನು ಅಂತ ಗೊತ್ತಿಲ್ಲ, ತಿನ್ನೋ ಹಂಗೂ ಇಲ್ಲ. ಸ್ಟೀಲ್ ಡಬ್ಬಿಗೆ ಹಾಕಿ ದೇವರ ಜಗಲಿ ಮೇಲೆ ವಿಭೂತಿ ಗಟ್ಟಿ ಹಿಂದೆ ಇಟ್ಟು, ಸಂಜೆ ಮೊಮ್ಮಗಳನ್ನ ಕರೆದ್ರು. "ನೋಟ್‌ಬುಕ್ ತಗೊಂಡು ಬಾ. ನಂಗ ಇದರ ಬಗ್ಗಿ ಏನೂ ಗೊತ್ತಿಲ್ಲ. ಕೇಳಿ ತಿಳ್ಕೋಬೇಕು."

ಶಾಲೇಲಿ ಅವರು ಮಕ್ಕಳಿಗೆ ಹಾಗೇ ಕಲಿಸಿದ್ರಂತೆ. ಎಡಗಡೆ ಪುಟದಲ್ಲಿ ಪ್ರಶ್ನೆ, ಬಲಗಡೆ ಉತ್ತರ. ಉತ್ತರ ಸಿಗೋ ತನಕ ಜಾಗ ಖಾಲಿ ಇರಬೇಕು, ಗೊತ್ತಿಲ್ಲದ್ದನ್ನ ತುಂಬಿಸ್ಬಾರದು. ಕೀಮೋ ಶುರುವಾದ್ಮೇಲೆ ಬೆರಳೆಲ್ಲ ಜೋಮು ಹಿಡಿದು ಪೆನ್ನು ನಿಲ್ತಿರ್ಲಿಲ್ಲ. ಹಾಗಾಗಿ ಅತ್ತೆ ಹೇಳಿದ್ರು, ಮಗಳು ಬರೆದಳು. ಅವರದ್ದು ರಾಯಚೂರು ಭಾಷೆ, ಇವಳು ಬರೆದಿದ್ದು ಬೆಂಗಳೂರು ಭಾಷೆ. ಬರೆದು ಮುಗಿದ್ಮೇಲೆ ಅವಳ ಅಂಗೈಗೆ ವಿಭೂತಿ ಇಟ್ಟು ಮಾತು ತಗೊಂಡ್ರು: "ಡಾಕ್ಟರ್‌ಗ ಕೇಳೂತನಕ ನಿಮ್ಮವ್ವಗ ಹೇಳಬ್ಯಾಡ. ಆಕಿ ಮದ್ಲ ಒದರ್ತಾಳ, ಆಮ್ಯಾಲ ಕೇಳ್ತಾಳ."

ಎಷ್ಟು ಸರಿಯಾಗಿ ತಿಳ್ಕೊಂಡಿದ್ರು ನನ್ನ!

ಶನಿವಾರ ಮಧ್ಯಾಹ್ನ ಒಗೆಯೋಕೆ ಬಟ್ಟೆ ಹುಡುಕ್ತಾ ಮಗಳ ಬ್ಯಾಗಿಗೆ ಕೈ ಹಾಕ್ದೆ. ನೋಟ್‌ಬುಕ್ ಬಿತ್ತು, ಪುಟ ತೆರ್ಕೊಳ್ತು. ಮಗಳ ದುಂಡು ಅಕ್ಷರ.

"ಒಂದು. ಗಾಂಜಾ ಮೊದಲ ಸಲ ತಗೊಂಡ್ರೆ ಏನಾಗುತ್ತೆ? ಎರಡು. ಎಷ್ಟು ಹೊತ್ತಿಗೆ ಏರುತ್ತೆ, ಎಷ್ಟು ಹೊತ್ತು ಇರುತ್ತೆ? ಮೂರು. ಸುಮ್ ಸುಮ್ನೆ ನಗು ಬರುತ್ತಂತೆ, ನಿಜಾನಾ? ನಾಲ್ಕು. ಮನೆಯೋರಿಗೆ ವಾಸನೆ ಗೊತ್ತಾಗುತ್ತಾ? ಐದು. ಒಂದ್ಸಲ ತಗೊಂಡ್ರೆ ಚಟ ಆಗುತ್ತಾ?"

ಎದುರು ಪುಟದಲ್ಲಿ ಉತ್ತರ ಬೇರೆ. ಸೇದಿದ್ರೆ ಕೆಲವೇ ನಿಮಿಷ, ತಿಂದ್ರೆ ಒಂದೆರಡು ಗಂಟೆ. ಏನೂ ಆಗ್ಲಿಲ್ಲ ಅಂತ ಇನ್ನಷ್ಟು ತಿಂದು ಜನ ಎಡವಟ್ಟು ಮಾಡ್ಕೊಳ್ಳೋದು ಇಲ್ಲೇ. ಕೆಲವರಿಗೆ ನಗು, ಕೆಲವರಿಗೆ ಎದೆ ಡವಡವ, ಭಯ, ತಲೆಸುತ್ತು. ಎಲ್ಲರಿಗೂ ಚಟ ಆಗಲ್ಲ, ಆದ್ರೆ ಆಗೋದು ಸುಳ್ಳಲ್ಲ, ಚಿಕ್ಕ ವಯಸ್ಸಲ್ಲಿ ಶುರು ಮಾಡಿದ್ರೆ ಅಪಾಯ ಹೆಚ್ಚು.

ಐದನೇದರ ಆಚೆ ನಾನು ಓದ್ಲಿಲ್ಲ. ಮೈಯೆಲ್ಲ ಉರಿದುಹೋಯ್ತು. ಅವಳು ಹಾಲ್‌ನಲ್ಲಿ ಕೂತು ತಲೆ ಬಾಚ್ಕೋತಿದ್ಲು. ನೋಟ್‌ಬುಕ್ ಅವಳ ಮುಂದೆ ಎಸೆದು ಬಾಯಿಗೆ ಬಂದಂಗೆ ಅಂದೆ. ಕಾಲೇಜು ಬಂದ್, ಫೋನ್ ಕೊಡು, ಯಾರ ಸಹವಾಸ, ಯಾವತ್ತಿಂದ, ಅಲ್ಲಿ ಒಳಗೆ ಅಜ್ಜಿ ಸಾಯ್ತಾ ಬಿದ್ದಿದಾರೆ ನಿನಗೆ ಇದು ಬೇಕಾಯ್ತಾ. ಅವಳು ಬಾಯಿ ತೆಗೆದ್ಲು, ಜಗಲಿ ಕಡೆ ಒಮ್ಮೆ ನೋಡಿದ್ಲು, ಬಾಯಿ ಮುಚ್ಚಿದ್ಲು. ಆ ಮೌನ ನೋಡಿ ನನಗೆ ಇನ್ನೂ ತಲೆ ಕೆಟ್ಟೋಯ್ತು. "ನಿನ್ನಂಥ ಮಗಳು ಇರೋದಕ್ಕಿಂತ ಇಲ್ದೇ ಇರೋದೇ ವಾಸಿ" ಅಂದ್ಬಿಟ್ಟೆ.

ಅವಳು ಎದ್ದು ಟೆರೇಸಿಗೆ ಹೋದ್ಲು.

ಅತ್ತೆಗೆ ಇದ್ಯಾವುದೂ ಕೇಳ್ಲಿಲ್ಲ. ಎಡಗಿವಿ ಕೇಳಲ್ಲ, ಬಲಗಿವಿ ದಿಂಬಿಗೆ ಕೊಟ್ಟು ಮಲಗಿದ್ರು. ನಾಲ್ಕು ಗಂಟೆಗೆ ಎದ್ದು ಬಂದಾಗ ನಾನೇ ಹೋಗಿ ನೋಟ್‌ಬುಕ್ ಅವರ ತೊಡೆ ಮೇಲಿಟ್ಟೆ. "ನೋಡಿ ನಿಮ್ಮ ಮುದ್ದಿನ ಮೊಮ್ಮಗಳ ಘನಂದಾರಿ ಕೆಲ್ಸ" ಅಂದೆ. ಅತ್ತೆ ಕನ್ನಡಕ ಹಾಕ್ಕೊಂಡ್ರು. ಒಂದೊಂದೇ ಹಾಳೆ ತಿರುವಿ ನೋಡಿದ್ರು. ಆಮೇಲೆ ಶಾಂತವಾಗಿ ನನ್ನ ಕಡೆಗೇ ಚಾಚಿದ್ರು.

"ಏಳನೇದು ಓದು."

ಓದ್ದೆ. "ಏಳು. ದಿನಾ ಬಿ.ಪಿ. ಮಾತ್ರೆ ನುಂಗೋರು ಇದನ್ನ ತಗೋಬಹುದಾ?"

"ಹತ್ತನೇದು?"

"ಹತ್ತು. ಹಲ್ಲಿನ ಸೆಟ್ ಇರೋರು ಸೊಪ್ಪು ಅಗಿಯೋದು ಹೇಗೆ?"

"ನಿನ್ ಮಗಳಿಗಿ ಹಲ್ಲಿನ ಸೆಟ್ ಅದಾ?" ಅಂತ ಕೇಳಿದ್ರು ಅತ್ತೆ.

ಅತ್ತೆ ಬೈಯ್ಲಿಲ್ಲ, ಅದೇ ಕಷ್ಟ. ತಮ್ಮ ಬಂದಿದ್ದು, ಡಬ್ಬಿ ಇಟ್ಟಿದ್ದು, ಮಾತು ತಗೊಂಡಿದ್ದು, ಒಂದೊಂದಾಗಿ ಹೇಳಿದ್ರು. ಕೊನೆಗೆ, "ಪ್ರಶ್ನಿಪತ್ರಿಕಿ ಪೂರ್ತಿ ಓದದೇ ಉತ್ತರ ಬರಿಯೂ ಹುಡುಗ್ರನ್ನ ಭಾಳ ನೋಡೀನಿ ನಾ. ಹೋಗು, ಮ್ಯಾಲ ಹೋಗಿ ಆಕಿನ್ನ ಕರ್ಕೊಂಡು ಬಾ" ಅಂದ್ರು. ಟೆರೇಸಲ್ಲಿ ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ಲು, ಕಣ್ಣು ಊದಿತ್ತು. "ಸಾರಿ ಕಣೇ, ತಪ್ಪಾಯ್ತು" ಅಂದೆ. "ಪರ್ವಾಗಿಲ್ಲ ಬಿಡಮ್ಮ" ಅಂದ್ಲು. ಮುಗೀತು ಅನ್ಕೊಂಡೆ.

ಮಂಗಳವಾರ ಮೂರೂ ಜನ ಆಸ್ಪತ್ರೆಗೆ ಹೋದ್ವಿ. ನಾಲ್ಕನೇ ಕೀಮೋಗಲ್ಲ, ಬರೀ ಪ್ರಶ್ನೆ ಕೇಳೋಕೆ ಅಂತ ಅತ್ತೆ ಒಪ್ಪಿದ್ದು. ಹಿಂದಿನ ಮೂರು ಸಲಾನೂ ಅತ್ತೆ ಒಬ್ಬರೇ ಒಳಗೆ ಹೋಗ್ತಿದ್ರು, ನಾನು ಔಷಧಿ ಕೌಂಟರ್ ಕ್ಯೂನಲ್ಲಿ ನಿಂತಿರ್ತಿದ್ದೆ. ಈ ಸಲ ನಾನೂ ಒಳಗೆ ಹೋದೆ. ಡಾಕ್ಟರ್ ವಯಸ್ಸಲ್ಲಿ ಚಿಕ್ಕೋರು, ಮುಖ ನೋಡಿ ಮಾತಾಡ್ತಾರೆ.

"ಬನ್ನಿ ಅಜ್ಜಿ. ಆರಾಮಾ?"

"ಆರಾಮ್ರಿ."

ಡಾಕ್ಟರ್ ಫೈಲಲ್ಲಿ ಏನೋ ಗೀಚಿದ್ರು. ಅತ್ತೆ ಸೆರಗು ಸರಿ ಮಾಡ್ಕೊಂಡು, ನೋಟ್‌ಬುಕ್ ಮೇಜಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ್ರು. ಮೂವತ್ನಾಲ್ಕು ವರ್ಷ ಕ್ಲಾಸಲ್ಲಿ ಹಂಗೇ ಕೂತಿದ್ರೇನೋ. "ಸಾಹೇಬ್ರ, ಗಾಂಜಾದ ಮ್ಯಾಲ ಹದಿನಾಲ್ಕು ಪ್ರಶ್ನಿ ಅದಾವ. ಈ ಹುಡುಗಿ ತನಗ ಗೊತ್ತಿದ್ದಷ್ಟು ಬರದಾಳ. ತಪ್ಪಿದ್ರ ತಿದ್ರಿ. ಎರಡು ಖಾಲಿ ಉಳದಾವ."

ನಾನು ಭೂಮಿ ಬಾಯಿ ಬಿಡಬಾರದಾ ಅಂತ ನೆಲ ನೋಡ್ತಾ ಕೂತಿದ್ದೆ. ಪಕ್ಕದಲ್ಲಿದ್ದ ನರ್ಸು ನಗು ತಡೆಯೋಕೆ ಕಿಟಕಿ ಕಡೆ ತಿರುಗಿದ್ಲು. ಡಾಕ್ಟರ್ ಮಾತ್ರ ನಗ್ಲಿಲ್ಲ, ಅವರಿಗೆ ಶಿವ ಒಳ್ಳೇದು ಮಾಡ್ಲಿ. ಪೆನ್ನು ತಗೊಂಡು ಒಂದೊಂದೇ ಓದಿದ್ರು. ಖಾಲಿ ಇದ್ದ ಏಳನೇದಕ್ಕೆ, ನೀವು ತಗೊಳ್ಳೋ ಬಿ.ಪಿ. ಮಾತ್ರೆ ಜೊತೆ ಇದು ಬೇಡ, ಎದ್ದು ನಿಂತಾಗ ತಲೆಸುತ್ತಿ ಬಿದ್ರೆ ಈ ವಯಸ್ಸಲ್ಲಿ ಸೊಂಟ ಮುರಿಯುತ್ತೆ ಅಂದ್ರು. ಪೊಟ್ಟಣದಲ್ಲಿರೋದರ ಶಕ್ತಿ ಎಷ್ಟು, ಏನು ಬೆರೆಸಿದಾರೆ ಅಂತ ಯಾರಿಗೂ ಗೊತ್ತಿಲ್ಲ, ಮನೇಲಿ ಇಟ್ಕೊಳ್ಳೋದು ಕಾನೂನಿಗೂ ಒಪ್ಪಿಗೆ ಇಲ್ಲ, ನಾನು ತಗೊಳ್ಳಿ ಅನ್ನಲ್ಲ ಅಂತ ಬಿಡಿಸಿ ಹೇಳಿದ್ರು. ಮಗಳ ಉತ್ತರ ಒಂದು ಕಡೆ ತಿದ್ದಿ, ಉಳಿದಿದ್ದಕ್ಕೆ ರೈಟ್ ಹಾಕಿದ್ರು. ಹನ್ನೊಂದನೇದಕ್ಕೆ ಬಂದು ನಿಂತ್ರು. ಅದು ಖಾಲಿ ಬಿಟ್ಟಿದ್ದ ಇನ್ನೊಂದು ಪ್ರಶ್ನೆ.

"ಎರಡು ತಿಂಗಳಿಂದ ವಾಂತಿ ಮಾಡ್ತಾ ಏನೂ ತಿನ್ನೋಕಾಗದೇ ಇರೋರಿಗೆ ಇದು ಕೆಲಸ ಮಾಡುತ್ತಾ, ಅಂತ ಇದೆ. ಯಾರಿಗೆ ವಾಂತಿ ಅಜ್ಜಿ?"

"ಮತ್ತ್ಯಾರಿಗ್ರಿ? ನನಗ."

ಡಾಕ್ಟರ್ ಫೈಲು ಹಿಂದಕ್ಕೆ ತಿರುವಿದ್ರು. ಮತ್ತೆ ತಿರುವಿದ್ರು. "ತೂಕ ಇಳಿತಿದೆ ಅಂತ ನೋಡಿ ಪ್ರತಿ ಸಲ ಕೇಳಿದೀನಲ್ಲ. ಆರಾಮಾ ಅಂದ್ರೆ ಆರಾಮ್ರಿ ಅಂದಿದೀರಿ. ಏನೂ ತೊಂದ್ರೆ ಇಲ್ಲ ಅಂತ ನಾನೇ ಇಲ್ಲಿ ಬರ್ಕೊಂಡಿದೀನಿ."

"ಆರಾಮೇನ್ರಿ ಅಂತ ಕೇಳಿದ್ರ ಆರಾಮ ಅಂತ ಅನ್ನೂದಲ್ರೀ? ದೊಡ್ಡ ಮನಷ್ಯಾ, ನಾ ಬಾಗಲಿಗಿ ಬಂದ ಕೂಡ್ಲೆ ನಗತಾ ಕೇಳ್ತಾನ. ಅವನ ಮುಂದ ನನ್ನ ವಾಂತಿ ಪುರಾಣ ಬಿಚ್ಚಲೇನು?"

ಅಯ್ಯೋ ಶಿವನೇ! ಅವರ ಕಡೆ ಯಾರೇ ಎದುರಾದ್ರೂ ಮೊದಲ ಮಾತು ಅದೇ. ಮನೆ ಬೆಂಕಿ ಹತ್ತಿ ಉರೀತಿದ್ರೂ ಮೊದಲು ಆರಾಮ್ರಿ ಅಂದೇ ಆಮೇಲೆ ಬಕೆಟ್ ಕೇಳೋ ಜನ. ಮದುವೆಯಾಗಿ ಇಪ್ಪತ್ತೆರಡು ವರ್ಷದಿಂದ ಕೇಳ್ತಾನೇ ಇದೀನಿ, ಆದ್ರೂ ಡಾಕ್ಟರ್ ಮುಂದೆಯೂ ಅದನ್ನೇ ಅನ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಮೂರು ಕೀಮೋ, ಅಷ್ಟು ವಾಂತಿ, ಎಲ್ಲಾ ಒಂದು ಮರ್ಯಾದೆ ಮಾತಿನ ಕೆಳಗೆ ಮುಚ್ಚಿಹೋಗಿತ್ತು. ಆ ನೋಟ್‌ಬುಕ್ ಇಲ್ದಿದ್ರೆ ಹಂಗೇ ಮುಚ್ಚಿರ್ತಿತ್ತು.

ಡಾಕ್ಟರ್ ಪೆನ್ನು ಕೆಳಗಿಟ್ರು. "ನಾನು ಕೇಳಿದ ರೀತೀನೂ ಸರಿಯಿಲ್ಲ ಬಿಡಿ" ಅಂದ್ರು. ಆಮೇಲೆ ವಾಂತಿ ತಡೆಯೋ ಮಾತ್ರೆ ಪೂರ್ತಿ ಬದಲಾಯಿಸಿದ್ರು. ಕೀಮೋಗೆ ಮುಂಚೆ ಒಂದು, ಆಮೇಲೆ ಮೂರು ದಿನ ಬೇರೆ. ಅದೂ ಸಾಲದಿದ್ರೆ ಇನ್ನೊಂದಿದೆ, ಅದೂ ಸಾಲದಿದ್ರೆ ಮತ್ತೊಂದಿದೆ, ಆದ್ರೆ ಫೋನ್ ಮಾಡಿ ನಿಜ ಹೇಳ್ಬೇಕು ಅಂದ್ರು. ಅತ್ತೆ ಯೋಚನೆ ಮಾಡಿ, "ಹಂಗಾದ್ರ ಇನ್ನೊಂದು ಸಲ ನೋಡ್ತೀನಿ" ಅಂದ್ರು.

ನಾಲ್ಕನೇದಾಯ್ತು. ಮೂರನೇ ದಿನ ನಾನು ಅಡುಗೆಮನೇಲಿ ಬಾಗಿಲು ಹಾಕ್ಕೊಂಡು ಕಳ್ಳಿ ಥರ ರೊಟ್ಟಿ ಬಡೀತಿದ್ದೆ. ಹೊರಗಿಂದ ದನಿ ಬಂತು: "ಏ, ಬಾಗಲಾ ಯಾಕ ಹಾಕೀದಿ? ನನಗೂ ಒಂದು ಕೊಡು." ಹಾಲಲ್ಲಿ ನೆನೆಸಿ ಒಂದು ರೊಟ್ಟಿ ಪೂರ್ತಿ ತಿಂದ್ರು. ನಾನು ಒಲೆ ಮುಂದೆ ನಿಂತು ಅತ್ತುಬಿಟ್ಟೆ. ಉಳಿದ ಎರಡು ಕೀಮೋನೂ ಮುಗಿದು ಈಗ ಅತ್ತೆ ಗಟ್ಟಿಯಾಗಿದಾರೆ. ಎಷ್ಟೋ ಜನ ಧೈರ್ಯದ ಬಗ್ಗೆ ಮಾತಾಡೋದು ಕೇಳಿದೀನಿ. ನನಗೆ ಧೈರ್ಯ ಅಂದ್ರೆ ಜೋಮು ಹಿಡಿದ ಬೆರಳಿಟ್ಕೊಂಡು, ಗೊತ್ತಿಲ್ಲ, ಹೇಳಿಕೊಡಿ ಅಂತ ಚಿಕ್ಕ ಡಾಕ್ಟರ್ ಮುಂದೆ ಕೂತ ಆ ಮುದುಕಿ.

ಆದ್ರೆ ಹೇಳ್ಬೇಕಾಗಿದ್ದು ಆ ರೊಟ್ಟಿ ತಿಂದ ಮುಂದಿನ ಸೋಮವಾರದ ಕಥೆ, ಅವತ್ತು ನಮಗೆಲ್ಲ ರಜೆ. ಡಬ್ಬಿ ಖಾಲಿ ಮಾಡ್ಬೇಕಿತ್ತು. ಪ್ರಸಾದ ಮೋರಿಗೆ ಹಾಕೋ ಹಂಗಿಲ್ಲ. ನೀರಲ್ಲಿ ನೆನೆಸಿ ನಮ್ಮ ಬೀದಿ ಕೊನೇಲಿರೋ ಈಶ್ವರನ ಗುಡಿ ಬಿಲ್ವದ ಬುಡಕ್ಕೆ ಹಾಕೋದು ಅಂತ ಅತ್ತೆ ತೀರ್ಮಾನ ಮಾಡಿದ್ರು. ಮಗಳು, "ಅಜ್ಜಿ, ಬೀಜ ಇದ್ರೆ ಅಲ್ಲೇ ಮೊಳೆಯುತ್ತೆ, ಆಮೇಲೆ ಪೂಜಾರಪ್ಪನ್ನ ಅರೆಸ್ಟ್ ಮಾಡ್ತಾರೆ" ಅಂದ್ಲು. ಹಾಗಾಗಿ ಮೂರೂ ಜನ ಮೊರದ ಸುತ್ತ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದಂಗೆ ಬೀಜ ಆರಿಸ್ತಿದ್ವಿ. ಬಿಸಿಲು ಚೆನ್ನಾಗಿತ್ತು. ಮನಸ್ಸು ಹಗುರಾಗಿತ್ತು. ಅದೇ ಧೈರ್ಯದಲ್ಲಿ ಕೇಳ್ದೆ.

"ನನ್ನ ಮೇಲೆ ಸಿಟ್ಟೇನೂ ಇಲ್ಲ ತಾನೇ ಕಣೇ?"

"ಇಲ್ಲಮ್ಮ. ಆರಾಮಿದೀನಿ."

ಅತ್ತೆ ಮೊರದಿಂದ ತಲೆ ಎತ್ತಲೇ ಇಲ್ಲ. "ಆರಾಮ ಅಂತ ಅಂದೇ ನಾ ಎರಡು ತಿಂಗಳು ಉಪಾಸ ಬಿದ್ದಿದ್ದು. ಖರೇ ಹೇಳು ನಿಮ್ಮವ್ವಗ."

ಮಗಳ ಬೆರಳು ನಿಂತ್ವು. "ಇಲ್ದೇ ಇರೋದೇ ವಾಸಿ ಅಂದ್ಯಲ್ಲಮ್ಮ. ದಿನಾ ಮೆಟ್ರೋ ಹತ್ತಿದ ತಕ್ಷಣ ಅದೇ ನೆನಪಾಗುತ್ತೆ. ಕೆಂಗೇರಿ ಬರೋ ತನಕ ಅದೇ."

ಅವಳ ಕೈ ಹಿಡ್ಕೊಂಡೆ. ಅವಳು ಬಿಡಿಸ್ಕೊಳ್ಲಿಲ್ಲ, ಆದ್ರೆ ಅಳೋಕೆ ಶುರು ಮಾಡಿದ್ಲು, ನಾನೂ.

ಅತ್ತೆ ಮೊರ ತಮ್ಮ ಕಡೆ ಎಳ್ಕೊಂಡ್ರು. "ಇಬ್ರೂ ಅಳ್ರಿ" ಅಂದ್ರು. "ಬೀಜ ನಾ ಆರಸ್ತೀನಿ."