ಬ್ಯಾರೆ ಗಾಡಿ ಹತ್ತೂದಿಲ್ಲ

ನಮ್ಮ ಮನೆಯವರಿಗೆ ಇಂಡಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಬಾವಿಯ ಮೋಟರು ಸುಟ್ಟರೆ ಇವರಿಗೇ ಕರೆ ಬರುತ್ತಿತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ, ಬೆಳಗಿನ ಲಿಂಗಪೂಜೆ ಒಂದು ದಿನವೂ ತಪ್ಪಿಸಿದವರಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಿದವರು ಅವರನ್ನು ಕೆಟ್ಟವರೆಂದು ತಿಳಿಯಬಾರದು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅವರು ಸೊಲ್ಲಾಪುರದ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದರು. ಒಳಗೆಲ್ಲ ಕಾರಿನ ಚಿತ್ರ. ಬಹಳ ಹಿಂದೆ ಅಮೆರಿಕದ ಹುಡುಗರು ಹಳೆಯ ಕಾರು ಹಿಡಿದು ತಂದು, ಮಡ್‌ಗಾರ್ಡು ಕಿತ್ತು, ಟಾಪು ತಗ್ಗಿಸಿ, ಅದಕ್ಕೆ ಮೀರಿದ ಎಂಜಿನ್ನು ಕೂಡಿಸಿ, ತಮ್ಮ ಮನೆಯ ಹಿತ್ತಲಲ್ಲೇ ಕಟ್ಟಿಕೊಂಡ ಗಾಡಿಗಳಂತೆ ಅವು.

"ಇದಕ್ಕ ಹಾಟ್ ರಾಡ್ ಅಂತಾರ ಬೇ," ಎಂದು ಅತ್ತೆಗೆ ತೋರಿಸಿದರು.

ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ. "ರಾಡೋ, ರಾಡಿಯೋ? ಮನಿಯಾಗ ತರಬ್ಯಾಡಪಾ, ನಿನ್ನಿನ ಸಾರಿಸೇನಿ."

ರಾಡಿ ಎಂದರೆ ನಮ್ಮಲ್ಲಿ ಕೆಸರು. ಗಾಡಿ ಬರುವ ಮೊದಲೇ ಅದಕ್ಕೆ ಓಣಿಯಲ್ಲೆಲ್ಲ ರಾಡಿ ಎಂದು ಹೆಸರಾಗಿ ಹೋಯಿತು.

ಅಗರಖೇಡದ ಒಬ್ಬ ಗೌಡರ ಮನೆಯಲ್ಲಿ ಬ್ರಿಟಿಷರ ಕಾಲದ ಒಂದು ಕಾರು ಬಿದ್ದಿತ್ತು. ಎಂಜಿನ್ನು ಎಂದೋ ಹೋಗಿತ್ತು, ಒಳಗೆ ದನಕ್ಕೆ ಹೊಟ್ಟು ತುಂಬಿಟ್ಟಿದ್ದರು. ಎರಡು ಹಂಗಾಮು ಗೌಡರ ಪಂಪು ನೋಡಿಕೊಳ್ಳುತ್ತೇನೆಂದು ಹೇಳಿ ಇವರು ಅದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸಿ ತಂದರು. ತಲಬಾಗಿಲ ಒಳಗೆ ಮೊದಲು ನಮ್ಮ ಎತ್ತು ಕಟ್ಟುತ್ತಿದ್ದ ಜಾಗ ಖಾಲಿ ಇತ್ತು. ಅಲ್ಲಿ ನಿಲ್ಲಿಸಿದರು. ಬಾಗಿಲಿಗೂ ಪಡಸಾಲೆಗೂ ನಡುವೆ ಒಬ್ಬರು ಅಡ್ಡಡ್ಡ ನಡೆದು ಹೋಗುವಷ್ಟು ಸಂದಿ ಉಳಿಯಿತು. ಮೂರು ವರ್ಷ ನಾನು ನೀರಿನ ಕೊಡ ಹೊತ್ತು ಆ ಸಂದಿಯಲ್ಲಿ ಏಡಿಯಂತೆ ನಡೆದೆ.

ಹೊಸದಾಗಿ ಬಂದದ್ದಕ್ಕೆ ಪೂಜೆ ಬೇಕಲ್ಲ. ಅತ್ತೆ ಆರತಿ ತಂದರು, ನಾನು ಕುಂಕುಮ ಹಚ್ಚಿದೆ. ಇವರು ಹಣೆಗೆ ವಿಭೂತಿ ಧರಿಸಿ ತೆಂಗಿನಕಾಯಿ ಕೈಯಲ್ಲಿ ಹಿಡಿದರು. ಓಣಿಯ ಜನರೆಲ್ಲ ನೋಡುತ್ತ ನಿಂತಿದ್ದರು. ಯಾರೋ ನಕ್ಕರು. ಆ ನಗೆಗೋ ಏನೋ, ಇವರು ಗಟ್ಟಿಯಾಗಿ ಅಂದುಬಿಟ್ಟರು: "ಬಸವಣ್ಣಾ, ಇದು ಚಾಲೂ ಆದ ದಿನ ನನ್ನ ಹೇಂತೀನ ಇದರಾಗ ಕುಂದ್ರಿಸಿ ನಿನ್ನ ಬಾಗೇವಾಡಿಗೆ ಕರಕೊಂಡ ಬರ್ತೇನಿ. ಅಲ್ಲೀತನಕ ಆಕಿ ಬ್ಯಾರೆ ಗಾಡಿ ಹತ್ತೂದಿಲ್ಲ!"

ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಅತ್ತೆ ಕೈ ಮುಗಿದರು. "ಕಾಯಿ ಒಡೀತು, ಮಾತು ಬಿತ್ತು. ಮುಗೀತು."

ಮೂರು ತಿಂಗಳಲ್ಲಿ ಆದೀತೆಂದು ನಾನೂ ತಿಳಿದಿದ್ದೆ. ಇವರ ಕೈಗುಣ ಗೊತ್ತಿತ್ತು ನನಗೆ. ಗೊತ್ತಿಲ್ಲದ್ದು ಇವರ ಹಟ. ಆ ಪುಸ್ತಕದ ಕಾಲದಲ್ಲಿ ಇಲ್ಲದ ಒಂದು ಬೋಲ್ಟು ಕೂಡ ಅದಕ್ಕೆ ಬೀಳಬಾರದಂತೆ. ಯಾರಾದರೂ ಹೊಸ ಲೈಟು ತಂದು ತೋರಿಸಿದರೆ ಮುಟ್ಟಿಯೂ ನೋಡುತ್ತಿರಲಿಲ್ಲ. "ಆಗಿನ ಕಾಲದ್ದ ಆಗಬೇಕು," ಇಷ್ಟೇ ಮಾತು. ಟಾಪನ್ನು ನಾಲ್ಕು ಬೆರಳು ಕೊಯ್ದು ತಗ್ಗಿಸಿ ಮತ್ತೆ ಬೆಸುಗೆ ಹಾಕಲು ಒಂದು ಬೇಸಿಗೆ ಹೋಯಿತು. ಅದು ಮುಗಿದ ದಿನ ನಾನು ಒಳಗೆ ಕೂತು ನೋಡಿದೆ, ಸೆರಗು ಹೊದ್ದ ತಲೆ ಮೇಲಿನ ತಗಡಿಗೆ ತಾಗಿತು.

"ತಲಿ ಬಗ್ಗಿಸಿ ಕುಂದ್ರು," ಎಂದರು.

"ಎಲ್ಲಾ ಕಡೆ ಅದನ್ನ ಮಾಡಾಕತ್ತೇನಲ್ಲರಿ," ಎಂದೆ. ಅವರಿಗೆ ಕೇಳಿಸಲಿಲ್ಲ, ಕೆಳಗೆ ಸುತ್ತಿಗೆ ಹೊಡೆಯುತ್ತಿದ್ದರು.

ಮುದ್ದೇಬಿಹಾಳದಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆಯಾಯಿತು. ಅತ್ತೆ, ನನ್ನ ಇಬ್ಬರು ಹೆಣ್ಣುಮಕ್ಕಳು, ಇವರು, ಎಲ್ಲ ಬಸ್ಸಿಗೆ ಹೊರಟರು. ನಾನು ಸ್ಟ್ಯಾಂಡಿನವರೆಗೆ ನಡೆದು ಹೋಗಿ ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟೆ.

"ನೀವ್ ಹೆಂಗ ಹತ್ತಿದ್ರಿ?" ಎಂದು ಕೇಳಿದೆ.

"ನಾ ನಿನ್ನ ಹೆಸರ್ಲೆ ಬೇಡಕೊಂಡೇನಿ, ನನ್ನ ಹೆಸರ್ಲೆ ಅಲ್ಲ," ಎಂದರು, ನಗದೆ. ಬಸ್ಸಿನಲ್ಲಿದ್ದವರು ನಕ್ಕರು.

ನನ್ನ ಊರು ನನ್ನ ಕಾಲಿನಷ್ಟಾಯಿತು. ಮಠ, ಗಿರಣಿ, ಸಂತೆ, ನಳದ ಕಟ್ಟೆ. ಸಿಂದಗಿಯ ತವರುಮನೆ ಬಸ್ಸಿಗೆ ಒಂದು ಹೊತ್ತಿನ ದಾರಿ. ಅದು ಕಾಶಿಯಷ್ಟು ದೂರವಾಯಿತು. ಒಮ್ಮೆ ಸಿಟ್ಟು ಬಂದು ಸಿಂದಗಿ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟೆ. ಹಾಗೇ ಇಳಿದು ಬಂದೆ. ಯಾರೂ ನನ್ನನ್ನು ಹಿಡಿದಿರಲಿಲ್ಲ. ಕೊರಳಲ್ಲಿ ಲಿಂಗವಿತ್ತು, ಅಷ್ಟೇ. ಇವರು ಆಡಿದ ಮಾತು ಸುಳ್ಳಾದರೆ ಅದು ಮಕ್ಕಳಿಗೆ ತಟ್ಟೀತೆಂಬ ಭಯ.

ಮಠದ ಅಯ್ಯನವರ ಹತ್ತಿರ ಹೋಗಿ ಕೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, "ಆಡಿದ ಬಾಯೇ ಬಿಡಸಬೇಕವ್ವಾ," ಎಂದರು. "ನಿನ್ನ ಗಂಡ ದೇವರ ಮುಂದ ನಿಂತು, ಇದು ನನ್ನ ಕೈಲೆ ಆಗೂದಿಲ್ಲ, ಮಾತು ಹಿಂದಕ್ಕ ತಗೊಂಡೇನಿ ಅಂದ್ರ ಸಾಕು."

ಮನೆಗೆ ಬಂದು ಹೇಳಿದೆ. ಗಾಡಿಯ ಕೆಳಗಿನಿಂದ ಇವರ ಕಾಲು ಮಾತ್ರ ಕಾಣುತ್ತಿತ್ತು. ಕಾಲೇ ಮಾತಾಡಿತು: "ಆಗೂದಿಲ್ಲಂತ ಹೆಂಗ ಅನ್ಲಿ? ಆಗಾಕತ್ತೈತಲ್ಲ!"

ದೇವರು ಕೊಟ್ಟದ್ದನ್ನೂ ಹೇಳಬೇಕು. ನನ್ನ ಕೈ ಸಣ್ಣದು. ಅವರ ಮುಂಗೈ ಹೋಗದ ಕಡೆ ನಟ್ಟು ಕೂಡಿಸಲು ನನ್ನನ್ನೇ ಕರೆಯುತ್ತಿದ್ದರು. ಯಾವ ಪಾನಾ ಯಾವ ನಟ್ಟಿಗೆ ಎಂದು ಕಣ್ಣಂದಾಜಿಗೆ ಹೇಳುವಷ್ಟು ಕಲಿತೆ. ಮದುವೆಯಾಗಿ ಅಷ್ಟು ವರ್ಷ ಅವರು ನನ್ನನ್ನು "ಇಲ್ಲಿ ನೋಡು, ಇದು ಹಿಂಗ ಯಾಕ ಆತು?" ಎಂದು ಕೇಳಿದ್ದಿಲ್ಲ. ಆಗ ಕೇಳಿದರು. ಮೂರನೆಯ ವರ್ಷಕ್ಕೆ ಹಳೆಯ ಮಿಲ್ಟ್ರಿ ಜೀಪಿನ ಪೆಟ್ರೋಲ್ ಎಂಜಿನ್ನು ಕೂತಿತು, ಚಕ್ರ ಕೂತವು. ಕಾರ್ಬೋರೇಟರ್ ಒಂದು ಉಳಿಯಿತು. ಪೆಟ್ರೋಲು ಗಾಳಿ ಕೂಡಿಸಿ ಎಂಜಿನ್ನಿಗೆ ಉಣಿಸುವುದು ಅದೇ, ಅದಿಲ್ಲದೆ ಗಾಡಿ ಎದ್ದೇಳುವುದಿಲ್ಲ. ಹೊಸದು ಸೊಲ್ಲಾಪುರದ ಅಂಗಡಿಯಲ್ಲಿ ಸಿಗುತ್ತಿತ್ತು. ಇವರಿಗೆ ಆಗಿನದು ಬೇಕು. ಪುಣೆಯ ಯಾರೋ ಕಳಿಸುತ್ತೇನೆ ಎಂದಿದ್ದ. ಎಂಟು ತಿಂಗಳಿಂದ ಕಳಿಸುತ್ತಲೇ ಇದ್ದ.

ಆಗ ನನ್ನ ತಮ್ಮ ಪೇಢೆ ಹಿಡಿದು ಬಂದ. ನನಗೆ ಒಡಹುಟ್ಟಿದವನು ಅವನೊಬ್ಬನೇ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನಿಗೆ ಹೆಣ್ಣು ಕೂಸು ಹುಟ್ಟಿತ್ತು. ಬಾಣಂತನ ಅವನ ಹೆಂಡತಿಯ ತವರು ಯಂಕಂಚಿಯಲ್ಲಿ, ಹದಿಮೂರನೆಯ ದಿನ ತೊಟ್ಟಿಲು. ಕೂಸಿನ ಕಿವಿಯಲ್ಲಿ ಹೆಸರು ಊದಬೇಕಾದವಳು ಸೋದರತ್ತೆ, ಅಂದರೆ ನಾನು.

"ಅಕ್ಕಾ, ಬರ್ತಿಯೋ ಇಲ್ಲೋ, ಈಗ ಹೇಳು. ಇಲ್ಲಂದ್ರ ದೊಡ್ಡಪ್ಪನ ಮಗಳ ಕಡಿಂದ ಹೇಳಸ್ತಾರ," ಎಂದ. ಆಮೇಲೆ ಗಾಡಿಯ ಕಡೆ ತಿರುಗಿ, "ಮಾಮಾ, ಈ ಕೂಸಿನ ಲಗ್ನಕ್ಕರೆ ಮುಗೀತೈತೇನ್ರಿ ಇದು?"

ಇವರು ಪಾನಾ ಒರೆಸುತ್ತ ಕೂತರು.

ತಮ್ಮ ಹೋದ ಮೇಲೆ ನಾನು ಗಾಡಿಯ ಪಕ್ಕದ ಸಂದಿಯಲ್ಲಿ ನಿಂತೆ. "ಹೊಸಾದ ಹಾಕ್ರಿ. ಇಲ್ಲಂದ್ರ ಮಾತು ಹಿಂದಕ್ಕ ತಗೋರಿ. ಎರಡ್ರಾಗ ಒಂದು."

"ಹೊಸಾದ ಹಾಕಿದ್ರ ನಾಳೆನ ಚಾಲೂ ಆಗ್ತೈತಿ," ಎಂದರು ಮೆಲ್ಲಗೆ. "ಆದ್ರ ಅದು ಇದಾಗೂದಿಲ್ಲ."

"ನಾನೂ ಆಗಿನ ಕಾಲದಾಕಿ ಆಗಬೇಕೇನ್ರಿ? ನಡಕೊಂಡ ಹೋಗ್ಲಿ?"

ಅವರು ಒರೆಸಿದ್ದ ಪಾನಾವನ್ನೇ ಮತ್ತೆ ಒರೆಸಿದರು.

ದಿನ ಹೋದವು. ಕೂಸು ಹುಟ್ಟಿದ ಹತ್ತನೆಯ ದಿನದ ಬೆಳಿಗ್ಗೆ ಪೂಜೆಗೆ ಕೂತವಳಿಗೆ ಕಣ್ಣೀರು ನಿಲ್ಲಲಿಲ್ಲ. ಹನಿಗಳು ಅಂಗೈಯ ಲಿಂಗದ ಮೇಲೆ ಬಿದ್ದವು. ಅತ್ತೆ ನೋಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆ ಮಾತನ್ನು ಮೂರು ವರ್ಷ ಕಾವಲು ಕಾಯ್ದವರು ಅವರೇ. ಎದ್ದು ಹೋಗಿ ಮಗನ ಎದುರು ನಿಂತರು.

"ನೀ ಅವತ್ತ ಏನಂದಿ? ಗಾಡಿ ಹತ್ತೂದಿಲ್ಲ ಅಂದಿ. ಹೌದಿಲ್ಲೋ?"

"ಹೌದು."

"ಚಕ್ಕಡಿ ಹತ್ತೂದಿಲ್ಲ ಅಂದೇನು?"

ಇವರು ಕೈಯ ಪಾನಾ ಕೆಳಗಿಟ್ಟರು.

ಚಕ್ಕಡಿ ಎಂದರೆ ಎತ್ತಿನ ಬಂಡಿ. ಪಕ್ಕದ ಮನೆಯ ರೈತ ಕಾಕಾ ಕಟ್ಟೆಯ ಮೇಲಿಂದಲೇ, "ಚಕ್ಕಡಿ ಗಾಡೀನೂ ಅಂತಾರಲ್ಲಬೇ ಮಂದಿ?" ಎಂದರು.

"ಅನ್ನಾವ್ರು ಅನ್ಲಿ. ನನ್ನ ಮಗಾ ಅಂದಿಲ್ಲ. ನೀ ಸುಮ್ನ ಎತ್ತ ಹೂಡು," ಎಂದರು ಅತ್ತೆ.

ಕಾಕಾ ಎತ್ತು ಕೊಟ್ಟರು, ಚಕ್ಕಡಿ ಕೊಟ್ಟರು, ಹೊಡೆಯಲು ಆಳು ಮಾತ್ರ ಇರಲಿಲ್ಲ. ಹನ್ನೊಂದನೆಯ ದಿನ ಬೆಳಕು ಹರಿಯುವಾಗ ನಮ್ಮ ಮನೆಯವರೇ ಬಾರುಕೋಲು ಹಿಡಿದು ಮುಂದೆ ಕೂತರು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟೆ. ಚಕ್ಕಡಿಯಲ್ಲಿ ಜೋಳದ ಕಣಕಿ ಹಾಸಿ ಮೇಲೆ ಕೌದಿ ಹಾಸಿದ್ದರು. ಕೂಸಿನ ಕುಂಚಿಗೆ, ಬಳೆ, ಎರಡು ದಿನದ ರೊಟ್ಟಿ, ಶೇಂಗಾ ಹಿಂಡಿ ನನ್ನ ಮಡಿಲಲ್ಲಿ.

ಊರು ದಾಟುವಷ್ಟರಲ್ಲೇ ಇವರ ಗೆಳೆಯರೊಬ್ಬರು ಮೋಟರ್ ಸೈಕಲ್ಲು ನಿಲ್ಲಿಸಿದರು. "ಏನ್ ಸಾವ್ಕಾರ! ರಾಡಿಗೆ ಕಡೀಕ ಎರಡೆತ್ತಿನ ಎಂಜಿನ್ ಸಿಕ್ತೇನು?"

ಇವರು ಎತ್ತಿನ ಬಾಲ ನೋಡುತ್ತ ಕೂತರು. ಬಸ್ಸುಗಳು ದೂಳು ಎಬ್ಬಿಸಿ ನಮ್ಮನ್ನು ದಾಟಿ ಹೋದವು. ಒಂದೊಂದು ಬಸ್ಸು ದಾಟಿದಾಗಲೂ ಅವರ ಹೆಗಲು ಒಂದಿಷ್ಟು ಕುಗ್ಗುವುದನ್ನು ಹಿಂದೆ ಕೂತು ನೋಡಿದೆ. ಎಂಜಿನ್ನಿನ ಸಪ್ಪಳ ಕೇಳಿಯೇ ಯಾವ ಗಾಡಿ ಎಂದು ಹೇಳುವ ಮನುಷ್ಯ. ಎರಡೂ ಕಡೆ ಬಿಳಿಜೋಳ ತೆನೆಗೆ ಬಂದಿತ್ತು. ಮೂರು ವರ್ಷದಲ್ಲಿ ನಾನು ಹೊಲ ನೋಡಿದ್ದು ಅದೇ ಮೊದಲು. ಸಿಟ್ಟು ಇತ್ತು, ಆದರೂ ನೋಡಿದೆ, ಬಿಡಲಿಲ್ಲ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಎತ್ತು ಬಿಟ್ಟು ರೊಟ್ಟಿ ಬಿಚ್ಚಿದೆವು. ಚಕ್ಕಡಿಯ ಚಕ್ರದ ಕಟ್ಟಿಗೆಯನ್ನು ಇವರು ಬೆರಳಿನಿಂದ ಬಡಿದು ನೋಡುತ್ತಿದ್ದರು. ಹಳೆಯ ಜಾಲಿಯ ಕಟ್ಟಿಗೆ, ಕಬ್ಬಿಣದ ಪಟ್ಟಿ.

"ಇದರಾಗ ಎಲ್ಲಾ ಆಗಿನ ಕಾಲದ್ದ ಐತಿ ನೋಡ್ರಿ," ಎಂದೆ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ರೊಟ್ಟಿ ಮುರಿಯುವುದನ್ನೇ ಬಿಟ್ಟರು. ಮತ್ತೆ ಎತ್ತು ಹೂಡಿ ಬಹಳ ದೂರ ಹೋದ ಮೇಲೆ, ಹಿಂದೆ ತಿರುಗದೆ ಅಂದರು: "ಸೊಲ್ಲಾಪುರದ್ದ ಹಾಕ್ತೇನಿ."

ನಾನು ಕೌದಿಯ ಮಡಿಕೆ ಸರಿಮಾಡಿದೆ. ಏನಾದರೂ ಅಂದರೆ ಆ ಮಾತು ಮುರಿದೀತು ಎನಿಸಿತು.

ಆ ಸಂಜೆ ದಾರಿಯ ಒಂದು ಮಠದಲ್ಲಿ ಇಳಿದುಕೊಂಡೆವು. ಮರುದಿನ ದೀಪ ಹಚ್ಚುವ ಹೊತ್ತಿಗೆ ಯಂಕಂಚಿ ಮುಟ್ಟಿದೆವು. ತಮ್ಮ ಬಾಗಿಲಲ್ಲಿ ನಿಂತು ಎತ್ತುಗಳನ್ನು ನೋಡಿದ, ಮಾಮನನ್ನು ನೋಡಿದ, ಅಣಕಿಸಲು ತೆರೆದ ಬಾಯಿ ಹಾಗೇ ಮುಚ್ಚಿದ. ಒಳಗೆ ಹೋಗಿ ಕಾಲಿಗೆ ನೀರು ತಂದ.

ತೊಟ್ಟಿಲಿನ ದಿನ ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಿದೆ. ಹೇಳುವಾಗ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ಎರಡು ದಿನ ಚಕ್ಕಡಿಯಲ್ಲಿ ಕುಲುಕಾಡಿದ ಬೆನ್ನದು. "ಮೆಲ್ಲಕ ಗುದ್ರೇ, ಆಕೀನ ರೋಡೇ ಗುದ್ದೈತಿ," ಎಂದಳೊಬ್ಬ ಮುದುಕಿ. ಎಲ್ಲರೂ ನಕ್ಕರು, ಗುದ್ದುವುದನ್ನು ಬಿಡಲಿಲ್ಲ. ನಾನೂ ನಕ್ಕೆ, ಕಣ್ಣಲ್ಲಿ ನೀರಿತ್ತು, ಗುದ್ದಿಗೆ ಬಂದದ್ದೆಂದು ಎಲ್ಲರೂ ತಿಳಿದರು. ಕೂಸು ಕಣ್ಣು ಬಿಟ್ಟು ನನ್ನ ಮೂಗುತಿ ನೋಡಿತು.

ಊರಿಗೂ ಚಕ್ಕಡಿಯಲ್ಲೇ ಮರಳಿದೆವು. ಅದಾದ ಎಂಟನೆಯ ದಿನ ಇವರು ಸೊಲ್ಲಾಪುರದಿಂದ ಪೊಟ್ಟಣ ತಂದರು. ಬಿಚ್ಚಿದರೆ ಬೆಳ್ಳಗೆ ಹೊಳೆಯುವ ಹೊಸ ಕಾರ್ಬೋರೇಟರ್. ಕೂಡಿಸಿದರು. ಸಂಜೆ ಗಾಡಿ ಚಾಲೂ ಆಯಿತು. ಮಾಡಿನ ಹಕ್ಕಿಗಳೆಲ್ಲ ಹಾರಿದವು, ಅತ್ತೆ "ಬಸವಾ, ಬಸವಾ" ಎಂದು ಕಿವಿ ಮುಚ್ಚಿಕೊಂಡರು, ಮಕ್ಕಳು ಕುಣಿದರು. ಮೂರು ವರ್ಷ ಕಾದ ಸಪ್ಪಳ ಅದು. ಇವರು ಮಾತ್ರ ಎಂಜಿನ್ನಿನ ಮೇಲೆ ಹೊಳೆಯುವ ಆ ಒಂದು ತುಂಡನ್ನು ನೋಡುತ್ತ ನಿಂತಿದ್ದರು. ಆ ಗಾಡಿಗೆ ಬಾನೆಟ್ಟಿಲ್ಲ, ಎಲ್ಲವೂ ಕಾಣುತ್ತದೆ. ಚಂದದ ಧೋತರದ ಮೇಲಿನ ತೇಪೆಯಂತೆ ಕಾಣುತ್ತಿತ್ತು ಅವರಿಗೆ.

ಮರುದಿನ ಅವರು ಅಂಗಡಿಗೆ ಹೋದಾಗ ನಾನು ಎಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದೆ. ಮಕ್ಕಳ ಕಣ್ಣಿಗೆ ಹಿಡಿಯುವ ಹಾಗೇ. ಅದನ್ನು ಎಣ್ಣೆಯಲ್ಲಿ ಕಲಸಿ, ನನ್ನ ಸಣ್ಣ ಕೈಯಿಂದ ಆ ಹೊಸದರ ಸಂದುಗೊಂದಿನಲ್ಲೆಲ್ಲ ತಿಕ್ಕಿದೆ. ಮಬ್ಬಾಯಿತು. ಇವರು ಬಂದು ನೋಡಿ, ಬೆರಳಲ್ಲಿ ಮುಟ್ಟಿ, ಬೆರಳು ಮೂಸಿದರು.

"ಕಾಡಗೀನ?"

"ಹೂಂ ರೀ."

ಅಷ್ಟೇ ಮಾತು. ಸೋಮವಾರ ತಲೆ ಬಗ್ಗಿಸಿ ಕೂತು ಬಾಗೇವಾಡಿಗೆ ಹೋಗಿ ಬಂದೆವು. ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತಿತು, ಎರಡು ಸಲವೂ ಎದ್ದಿತು. ಅಲ್ಲಿ ಒಡೆದ ಕಾಯಿ ಸೊಟ್ಟ ಒಡೆಯಿತು, ಅತ್ತೆಗೆ ಹೇಳಲಿಲ್ಲ.

ಆ ವಾರವೇ ಕೂಸನ್ನು ಮತ್ತೆ ನೋಡಬೇಕೆಂದು ಒಬ್ಬಳೇ ಸ್ಟ್ಯಾಂಡಿಗೆ ಹೋದೆ. ಯಂಕಂಚಿ ದಾರಿಯ ಸಿಂದಗಿ ಬಸ್ಸು ನಿಂತಿತ್ತು. ಮೆಟ್ಟಿಲಿಗೆ ಒಂದು ಕಾಲಿಟ್ಟೆ, ಇನ್ನೊಂದು ಕಾಲು ನೆಲ ಬಿಡಲಿಲ್ಲ. ಕಂಬಿ ಹಿಡಿದ ಕೈಯ ಉಗುರಿನಲ್ಲಿ ಇನ್ನೂ ಕಾಡಿಗೆ ಇತ್ತು.

"ಹತ್ತವ್ವಾ," ಎಂದ ಕಂಡಕ್ಟರು ಮೇಲಿಂದ, "ಏನ್ ಮುಹೂರ್ತ ನೋಡಾಕತ್ತೀಯೇನು?"

ಹತ್ತಿದೆ.