ತಾನೇ ಹೋಗಿ ಹೇಳಿಬಂದ ದಾವಲಸಾಬ

ಯಾರ ಮನೆಗೆ ಹೋದರೂ ದಾವಲಸಾಬ ಮೊದಲು ನೋಡುತ್ತಿದ್ದದ್ದು ಗೋಡೆಯನ್ನು. ಎಡಗಣ್ಣು ಮುಚ್ಚಿ, ಕುತ್ತಿಗೆಯನ್ನು ಒಂದಿಷ್ಟು ವಾರೆ ಮಾಡಿ, ಮೂಲೆಯಿಂದ ಮೂಲೆಗೆ ದೃಷ್ಟಿ ಹಾಯಿಸಿದನೆಂದರೆ ಮನೆಯ ಯಜಮಾನರ ಎದೆ ಡವಗುಟ್ಟುತ್ತಿತ್ತು. ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಕೂತಿದ್ದಾಗ ಏನೋ ಕೆಲಸಕ್ಕೆ ಒಳಗೆ ಬಂದವನು, ಅವರ ಬೆನ್ನ ಹಿಂದಿನ ಗೋಡೆ ನೋಡಿ, "ಕಾಕಾ, ಈ ಗ್ವಾಡಿ ಹೊರಗ ವಾಲೇತ್ರಿ, ಮುಂದಿನ ಮಳಿಗಾಲಕ್ಕ ನಿಲ್ಲೂದಿಲ್ಲ" ಎಂದುಬಿಟ್ಟಿದ್ದ. ಅಪ್ಪ ವಾರಗಟ್ಟಲೆ ಅವನೊಡನೆ ಮಾತು ಬಿಟ್ಟಿದ್ದರು. ಗೋಡೆ ಮಾತ್ರ ಮುಂದಿನ ಶ್ರಾವಣದಲ್ಲಿ ಬಿತ್ತು. ಅದನ್ನು ಮತ್ತೆ ಕಟ್ಟಿಕೊಟ್ಟವನೂ ಅವನೇ.

ತನ್ನ ತಪ್ಪಿಗೂ ಅವನಲ್ಲಿ ರಿಯಾಯಿತಿ ಇರಲಿಲ್ಲ. ಒಮ್ಮೆ ಯಾರದೋ ದನದ ಕೊಟ್ಟಿಗೆಗೆ ಎದೆಮಟ ಗೋಡೆ ಎಬ್ಬಿಸಿದವನು, ಮರುದಿನ ಮುಂಜಾನೆ ಬಂದು ನೋಡಿ, ಕೂದಲೆಳೆಯಷ್ಟು ವಾರೆಯಾಗಿದೆ ಎಂದು ಅರ್ಧ ಗೋಡೆ ಕೆಡವಿ ಹಾಕಿದ. ದನಕ್ಕೇನು ಗೊತ್ತಾಗುತ್ತೆ ಎಂದು ಮಾಲೀಕ ಕೇಳಿದ್ದಕ್ಕೆ, "ನನಗ ಗೊತ್ತಾಗೇತಲ್ರಿ" ಎಂದನಂತೆ.

ನಾವಿಬ್ಬರೂ ಸಂಶಿಯ ಒಂದೇ ಓಣಿಯವರು, ಒಂದೇ ದಿನ ಸಾಲೆಗೆ ಹೆಸರು ಹಚ್ಚಿದವರು. ನಾಲ್ಕನೇ ಇಯತ್ತೆ ಮುಗಿಸಿ ಅವನು ತಂದೆಯ ಹಿಂದೆ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದ. ನಾನು ಹುಬ್ಬಳ್ಳಿಯಲ್ಲಿ ಕಲಿತು ಊರ ಸಾಲೆಗೇ ಮಾಸ್ತರನಾಗಿ ಬಂದೆ. ಅಂದಿನಿಂದ ನನ್ನ ಹೆಸರು ಅವನ ಬಾಯಲ್ಲಿ "ಲೇ ಮಾಸ್ತರ" ಎಂದಾಯಿತು. ತಂದೆ ತೀರಿದ ಮೇಲೆ ಮೂರು ವರ್ಷ ಮುಂಬಯಿಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ದುಡಿದು ಬಂದ. ಅಣ್ಣಿಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಸೋದರಮಾವ ಖಾದರಸಾಬರ ಮಗಳು ಶಮೀಮಳೊಡನೆ ಅವನ ನಿಕಾ ಗೊತ್ತಾಗಿತ್ತು. ಅದಕ್ಕೂ ಮೊದಲು ಎರಡು ವರ್ಷ ದುಬೈಗೆ ಹೋಗಿ ದುಡಿದು ಬರಬೇಕೆಂಬುದು ಅವನ ಆಸೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಪರದೇಶಕ್ಕೆ ಕಳಿಸುವ ಏಜಂಟ ಮುಂಬಯಿಗೆ ಕರೆಸಿ ರಕ್ತ ತಪಾಸಣೆ ಮಾಡಿಸಿದ. ಎಂಟು ದಿನಕ್ಕೆ ಮಡಿಸಿದ ಒಂದು ಕಾಗದ ಕೈಗೆ ಕೊಟ್ಟು, ನೀನು ನಪಾಸು, ಊರಿಗೆ ಹೋಗು ಎಂದನಂತೆ.

ಆ ಕಾಗದವನ್ನು ದಾವಲಸಾಬ ಮಧ್ಯಾಹ್ನದ ಸೂಟಿಯಲ್ಲಿ ಸಾಲೆಗೆ ತಂದ. ಕಣ್ಣಿನದೇ ದೋಷವಿರಬೇಕು, ಒಂದೇ ಕಣ್ಣಲ್ಲಿ ನೋಡಿ ನೋಡಿ ಇನ್ನೊಂದು ಕೆಟ್ಟಿದೆ ಎಂದು ನಗುತ್ತಿದ್ದ. ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕೇ ಸಾಲು. ಅದರಲ್ಲಿದ್ದ ರೋಗದ ಹೆಸರು ಆಗಷ್ಟೇ ಪತ್ರಿಕೆಗಳಲ್ಲಿ ಬರತೊಡಗಿತ್ತು. ಪರದೇಶದ ರೋಗ, ಮದ್ದಿಲ್ಲದ ರೋಗ ಎಂದು ಓದಿದ್ದೆ. ಕಾಗದವನ್ನು ಎರಡು ಸಲ ಓದಿದೆ. ರಕ್ತದಲ್ಲಿ ಏನೋ ದೋಷವಂತೆ, ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದಷ್ಟೇ ಹೇಳಿದೆ. ಅವನು ನನ್ನ ಮುಖವನ್ನು ಗೋಡೆ ನೋಡುವಂತೆ ನೋಡಿದ. ಕಾಗದ ಇಸಿದುಕೊಂಡು ಜೇಬಿಗಿಟ್ಟ.

ಮರುವಾರ ಹುಬ್ಬಳ್ಳಿಗೆ ಹೋದೆವು. ಮತ್ತೆ ರಕ್ತ ತೆಗೆದರು, ಮತ್ತೆ ಹದಿನೈದು ದಿನ ಕಾಯಿಸಿದರು. ಎರಡನೇ ಸಲ ಹೋದಾಗ ಡಾಕ್ಟರು ಬಾಗಿಲಲ್ಲೇ ನಿಂತು ನನ್ನೊಬ್ಬನನ್ನು ಕರೆದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಅವರು ಕೆಟ್ಟವರಲ್ಲ, ಅಂಜಿದ್ದರು. ಮೂರು ಮಾರು ದೂರದ ಬಾಕಿನ ಮೇಲೆ ಕೂತಿದ್ದ ದಾವಲಸಾಬನ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಅವನಿಗೆ ಆಗ ಇಪ್ಪತ್ನಾಲ್ಕು ವರ್ಷ.

ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಕಡೆಗೆ ಹೋಗುವ ಕುಂದಗೋಳದ ಬಸ್ಸು ಬಂದು ನಿಂತರೂ ಅವನು ಏಳಲಿಲ್ಲ.

"ಈಗ ಕನ್ನಡದಾಗ ಹೇಳು," ಎಂದ.

ಹೇಳಿದೆ. ಆ ಬಸ್ಸು ಹೋಯಿತು, ಮುಂದಿನದೂ ಹೋಯಿತು. ಔಷಧವಿಲ್ಲವೆಂದೆ. ಈಗ ಗಟ್ಟಿಯಾಗಿಯೇ ಇರುತ್ತೀ, ಆಮೇಲೆ ಯಾವ ಜಡ್ಡು ಬಂದರೂ ಮೈಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂದೆ. ಹೆಂಡತಿಗೂ ಹತ್ತುತ್ತದೆ ಎಂದೆ. ಅವನು ಕೈಯ ಮೇಲೆ ಒಣಗಿದ್ದ ಸಿಮೆಂಟಿನ ಚುಕ್ಕೆಯನ್ನು ಉಗುರಿನಿಂದ ಕೆರೆಯುತ್ತ ಕೇಳಿದ. ಹೇಳಿ ಮುಗಿಸಿದ ಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. ಇದು ನಿನಗೆ ಎಲ್ಲಿಂದ ಬಂತು ಎಂದೆ.

"ಮುಂಬಯಿದಾಗ ಮ್ಯಾಲಿಂದ ಬಿದ್ದಾಗ ರಕ್ತ ಏರಿಸ್ಯಾರ. ಬಾಜು ಓಣಿ ಹೆಂಗಸರ ಕಡೆ ನಾಕ ಸಲ ಹೋಗೇನಿ, ಅದೂ ಖರೆ. ಯಾವುದರಿಂದ ಬಂತು ಅಂತ ತಿಳಿದ್ರ ನೀ ನನ್ನ ಬಾಜು ಕುಂಡ್ರೂದು ಬ್ಯಾರೆ ಆಗತೈತೇನು?"

ನಾನು ಮಾತನ್ನು ನಿಕಾದ ಕಡೆಗೆ ತಿರುಗಿಸಿದೆ.

ನಿಕಾ ಹೇಗೆ ತಪ್ಪಿಸಬೇಕೆಂದು ನಾನು ಉಪಾಯ ಹೇಳಿಕೊಟ್ಟೆ. ವೀಸಾ ಆಗಲಿಲ್ಲ, ಈಗ ಮನಸ್ಸಿಲ್ಲ ಎಂದು ಯಾರ ಕೈಯಲ್ಲಾದರೂ ಹೇಳಿ ಕಳಿಸು, ರೋಗದ ಸುದ್ದಿ ಎತ್ತಬೇಡ ಎಂದೆ. ಅವನು ಒಪ್ಪಲಿಲ್ಲ. ಸುಮ್ಮನೆ ಬಿಟ್ಟರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಜನ ಆಡುತ್ತಾರೆ ಎಂದ. ಮೊದಲು ತಾಯಿ ಹುಸೇನಬಿಗೆ ಹೇಳಿದ. ಹೇಗೆ ಹೇಳಿದನೋ ನನಗೆ ಗೊತ್ತಿಲ್ಲ. ನಾಲ್ಕು ದಿನ ಬಿಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು ಅಣ್ಣಿಗೇರಿಗೆ ಹೊರಟ.

ಖಾದರಸಾಬರ ಮನೆಯ ತುಂಬ ಹತ್ತಿಯ ಧೂಳು. ನಮ್ಮನ್ನು ಹೊಸ ಗಾದಿಯ ಮೇಲೆ ಕೂಡಿಸಿದರು. ಮನೆಮಾತು ಉರ್ದು ಬಿಟ್ಟು ದಾವಲಸಾಬ ಕನ್ನಡದಲ್ಲಿಯೇ ಶುರು ಮಾಡಿದ. ತಾನೇನಾದರೂ ತಪ್ಪಿ ಹೇಳಿದರೆ ಮಾಸ್ತರ ತಿದ್ದಲಿ ಎಂದು ಮೊದಲೇ ಹೇಳಿದ್ದ.

"ಮಾಮಾ, ನನ್ನ ರಕ್ತದಾಗ ರೋಗ ಬಂದೈತಿ. ಔಷಧ ಇಲ್ಲ. ಶಮೀಮನ್ನ ಮಾಡಿಕೊಂಡ್ರ ಆಕಿಗೂ ಹತ್ತತೈತಿ. ಬ್ಯಾರೆ ಕಡೆ ನೋಡ್ರಿ. ತಪ್ಪ ಆಕೀದಲ್ಲ, ಕೇಳಿದವರಿಗೆ ಹಂಗಽ ಹೇಳ್ರಿ."

ತಿದ್ದುವಂಥದ್ದೇನೂ ಇರಲಿಲ್ಲ. ಖಾದರಸಾಬರು ನನ್ನತ್ತ ನೋಡಿದರು, ನಾನು ಹೌದೆಂದು ಗೋಣು ಹಾಕಿದೆ. ಅವರು ಗಾದಿಯ ಮೇಲೆ ಬಿದ್ದ ಹತ್ತಿಯ ಎಳೆ ಆರಿಸತೊಡಗಿದರು. ಪರದೆಯ ಹಿಂದಿನಿಂದ ಶಮೀಮಳೇ ಹೊರಗೆ ಬಂದು ಎರಡು ಕಪ್ ಚಹಾ ನಮ್ಮ ಮುಂದಿಟ್ಟಳು. ಆರುತ್ತದೆ, ಕುಡಿಯಿರಿ ಎಂದಳು. ದಾವಲಸಾಬ ಕಪ್ ಎತ್ತಿ ಹಿಡಿದ. ಚಹಾ ತುಟಿಯವರೆಗೆ ಹೋಗಲೇ ಇಲ್ಲ.

ಮಗಳ ಮುಂದಿನ ಗತಿ ಏನೆಂದು ಖಾದರಸಾಬರು ಒಬ್ಬ ಹಿರಿಯರ ಮುಂದೆ ತೋಡಿಕೊಂಡರಂತೆ. ಆ ಹಿರಿಯರು ಇನ್ನೊಬ್ಬರಿಗೆ ಹೇಳಿದರು. ಎಂಟೇ ದಿನದಲ್ಲಿ ಸುದ್ದಿ ಸಂಶಿಗೆ ಮುಟ್ಟಿತು. ಕ್ಷೌರದಂಗಡಿಯವನು ಒಂದು ದಿನ ಕತ್ತಿ ಮೊಂಡಾಗಿದೆ ಎಂದ, ಮರುದಿನವೂ ಮೊಂಡಾಗಿದೆ ಎಂದ. ಚಹಾದಂಗಡಿಯಲ್ಲಿ ಅವನಿಗೊಂದು ಬೇರೆ ಗ್ಲಾಸು ಹೊರಗಿನ ಕಿಟಕಿಯ ಮೇಲೆ ಬಂತು. ನಾಲ್ಕು ದಿನ ಅದರಲ್ಲಿ ಕುಡಿದು ಆಮೇಲೆ ಹೋಗುವುದನ್ನು ಬಿಟ್ಟ. ಹುಸೇನಬಿ ಮಾತ್ರ ಓಣಿಗೆಲ್ಲ ಕಾಣುವಂತೆ ಹೊರಗಿನ ಕಟ್ಟೆಯ ಮೇಲೆ ಕೂತು, ಮಗನ ತಾಟಿನಲ್ಲೇ ರೊಟ್ಟಿ ಮುರಿದು ಉಣ್ಣತೊಡಗಿದಳು. ನಾನು ಅವರ ಮನೆಯ ಮುಂದಿನ ದಾರಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿ ಸಾಲೆಗೆ ಹೋಗತೊಡಗಿದೆ. ಮನೆಯಲ್ಲಿ ಅವ್ವ ಅಂಜುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಜಿದವನು ನಾನು.

ಒಂದು ದಿನ ಅವನು ಸಾಲೆಯ ಕಿಟಕಿಗೆ ಬಂದು ನಿಂತ. ನಾನು ಒಳಗಿನಿಂದಲೇ, ಎದ್ದು ಹೋಗದೆ, ಏನಾಯಿತೆಂದು ಕೇಳಿದೆ. ಪೇಟೆಯಲ್ಲಿ ಅವನು ಕಟ್ಟುತ್ತಿದ್ದ ಮನೆಯ ಮಾಲೀಕರು ಅವನೆಬ್ಬಿಸಿದ ಗೋಡೆಗಳನ್ನು ಕೆಡವಿಸುತ್ತಿದ್ದರಂತೆ. ಅದನ್ನು ಮುಂಜಾನೆಯಿಂದ ನಿಂತು ನೋಡಿ ಬಂದಿದ್ದ.

"ಗ್ವಾಡಿಗೂ ಹತ್ತತೈತೇನ ಮಾಸ್ತರ? ನೀ ಕಲ್ತಾಂವ, ಅದಕ್ಕ ಕೇಳಾಕ ಬಂದೆ."

ಹತ್ತುವುದಿಲ್ಲ ಎಂದೆ. ಹಾಗಾದರೆ ಬಂದು ಅವರಿಗೆ ಹೇಳು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಹೋಗುತ್ತಿದ್ದೆನೇ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಅದೇ ವಾರ ಅವನು ಗೋವಾಕ್ಕೆ ಹೋದ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಕೆಲಸ ಸಿಕ್ಕಿತು. ವರ್ಷ ತುಂಬುವ ಮೊದಲೇ ಕೆಮ್ಮು ಹಚ್ಚಿಕೊಂಡು, ಅರ್ಧ ಮೈಯಾಗಿ ಮರಳಿದ. ಕ್ಷಯವೆಂದರು. ನಾನು ನೋಡಲು ಹೋದದ್ದು ಒಂದೇ ಸಲ. ಅವನು ಗೋಡೆಗೆ ಒರಗಿ ಕೂತಿದ್ದ. ಕುಂಡ್ರು ಎಂದು ಗಾದಿಯ ಅಂಚು ತೋರಿಸಿದ. ಹೊಸ್ತಿಲಲ್ಲೇ ನಿಂತು, ಸಾಲೆಗೆ ಹೊತ್ತಾಯಿತು ಎಂದೆ.

"ಇವತ್ತ ರವಿವಾರ ಐತಿ ಮಾಸ್ತರ," ಎಂದ. ಕೆಮ್ಮು ನಿಲ್ಲುವ ತನಕ ತಡೆದು, "ಆದರೂ ಹೋಗು," ಎಂದ.

ಅದೇ ನಮ್ಮ ಕೊನೆಯ ಮಾತು.

ಅವನು ತೀರಿಕೊಂಡ ಮುಂಜಾನೆ ಓಣಿಯ ಜನರೆಲ್ಲ ಬಂದರು, ಆದರೆ ದೂರದಲ್ಲಿ ನಿಂತರು. ಹೆಣಕ್ಕೆ ಸ್ನಾನ ಮಾಡಿಸಲು ಯಾವಾಗಲೂ ಬರುತ್ತಿದ್ದ ಮುದುಕ ಜ್ವರವೆಂದು ಹೇಳಿ ಕಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಅಣ್ಣಿಗೇರಿಯಿಂದ ಖಾದರಸಾಬರು ಹಿರಿಯ ಮಗನೊಡನೆ ಬಂದರು. ಯಾರನ್ನೂ ಏನೂ ಕೇಳದೆ ಅಂಗಳದಲ್ಲಿ ಚಾದರ ಕಟ್ಟಿ, ಅಂಗಿಯ ತೋಳು ಮಡಿಸಿ, ಮಗನನ್ನು ಕರೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನೀರು ಬೇಕೆಂದು ಕೂಗಿದರು. ಯಾರೂ ಅಲುಗಲಿಲ್ಲ. ನಾನು ಬಾವಿಗೆ ಹೋಗಿ ಒಂದು ಕೊಡ ಸೇದಿ ತಂದು ಚಾದರದ ಅಂಚಿನಲ್ಲಿ ಹಿಡಿದೆ. ಕೆಳಗಿನಿಂದ ಖಾದರಸಾಬರ ಒದ್ದೆ ಕೈ ಹೊರಗೆ ಬಂತು. ಅದು ನನ್ನ ಕೈಗೆ ತಾಕುವ ಮೊದಲೇ ನಾನು ಕೊಡ ಬಿಟ್ಟೆ. ಅದು ಉರುಳಿ ನೀರೆಲ್ಲ ಅಂಗಳದ ಪಾಲಾಯಿತು.

ಆ ಒದ್ದೆ ಕೈ ಒಳಗೆ ಹೋಯಿತು. ಆಮೇಲೆ ಖಾದರಸಾಬರು, "ಇನ್ನೊಂದ ಕೊಡಾ ತರ್ರಿ ಮಾಸ್ತರ," ಎಂದರು.

ನಾನು ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ಹೋದೆ.