ನಾಲ್ಕುನೂರ ಹನ್ನೆರಡನೆಯ ಕಡತ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆಕೆಯನ್ನು ಎಲ್ಲರೂ ಸ್ಕ್ಯಾನರಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಮಹಾಪ್ರಬಂಧಗಳ ಹೊಲಿಗೆ ಬಿಚ್ಚದಂತೆ ಗಾಜಿನ ಮೇಲೆ ಬೋರಲಾಗಿಟ್ಟು, ಒಂದೊಂದೇ ಪುಟ ಸ್ಕ್ಯಾನ್ ಮಾಡಿ, ಎಲ್ಲಿದ್ದವರೂ ಓದುವಂತೆ ಜಾಲತಾಣಕ್ಕೆ ಏರಿಸುವುದು ಆಕೆಯ ಕೆಲಸ. ಆರು ವರ್ಷದಲ್ಲಿ ಸಾವಿರದ ನೂರಕ್ಕೂ ಹೆಚ್ಚು ಪ್ರಬಂಧಗಳನ್ನು ಏರಿಸಿದ್ದಳು. ಹೊಸ ಪ್ರಬಂಧ ಬಂದರೆ ಅದನ್ನು ತಂತ್ರಾಂಶಕ್ಕೆ ಕೊಟ್ಟು, ಬೇರೆಯವರ ಬರಹವನ್ನು ಎಷ್ಟು ಹೋಲುತ್ತದೆ ಎಂಬ ವರದಿ ತೆಗೆಯುವವಳೂ ಆಕೆಯೇ. ನೌಕರಿ ಮಾತ್ರ ಗುತ್ತಿಗೆಯದು, ಪ್ರತಿವರ್ಷ ಹೊಸದಾಗಿ ಸಹಿ ಬೀಳಬೇಕು.

ಒಂದು ಸೋಮವಾರ ಬಂದ ವರದಿಯಲ್ಲಿ ಎಪ್ಪತ್ತೆಂಟು ಪ್ರತಿಶತ ಎಂದಿತ್ತು. ಪ್ರಬಂಧ ಬಾವಿ ನೀರಿನ ಗಡಸುತನದ ಬಗ್ಗೆ. ಬರೆದವರು ನಲವತ್ತು ದಾಟಿದ ವಿಜ್ಞಾನದ ಟೀಚರ್. ಶಾಲೆ ಮುಗಿಸಿಕೊಂಡು, ಬಾಟಲಿಗಳನ್ನು ಚೀಲದಲ್ಲಿ ಹೊತ್ತು, ಏಳು ವರ್ಷ ನೀರು ಅಳೆದವರು. ಹೋಲಿಕೆ ಬಂದದ್ದು ಅದೇ ಗ್ರಂಥಾಲಯದ ಸಂಗ್ರಹದ ನಾಲ್ಕುನೂರ ಹನ್ನೆರಡನೆಯ ಕಡತಕ್ಕೆ. ಅದು ಇನ್ಯಾರೋ ಮೂರು ವರ್ಷದ ಹಿಂದೆ ಕೆರೆ ನೀರಿನ ಬಗ್ಗೆ ಬರೆದದ್ದು. ಸ್ಕ್ಯಾನರಕ್ಕ ವರದಿಯನ್ನು ನಿಯಮದಂತೆ ಮೇಲಕ್ಕೆ ಕಳಿಸಿದಳು. ಯಂತ್ರ ಹೇಳಿದ ಮೇಲೆ ಮತ್ತೇನು ನೋಡುವುದು ಎಂದು ಆಕೆಗೂ ಅನಿಸಿತ್ತು.

ವಾರದೊಳಗೆ ಸುದ್ದಿ ವಿಭಾಗದ ತುಂಬ ಹರಡಿತು. ಗುರುವಾರ ವಿಚಾರಣಾ ಸಮಿತಿ ಕೂರುತ್ತದೆ ಎಂದಾಯಿತು. ಮಂಗಳವಾರ ಟೀಚರ್ ಗ್ರಂಥಾಲಯಕ್ಕೆ ಬಂದರು. ಮುಖ ಬಾಡಿಹೋಗಿತ್ತು.

"ಅಕ್ಕಾ, ನಾನು ಕದ್ದಿಲ್ಲ. ಆ ಕೆರೆಯವರ ಪ್ರಬಂಧಾನ ನಾನು ಕಣ್ಣಲ್ಲೂ ನೋಡಿಲ್ಲ."

"ವರದೀಲಿ ಹಾಗೆ ಬಂದಿದೆ ಟೀಚರೇ. ನನ್ನ ಕೈಲಿ ಏನಿದೆ?"

"ಅದರಲ್ಲಿ ನನ್ನ ಬಾವಿಗಳ ಅಂಕಿಗಳೇ ಇವೆಯಂತೆ. ನಾನು ಅಳೆದ ನೀರು ಅವರಿಗೆ ಹೇಗೆ ಸಿಕ್ತು?"

ಅವರು ಹೋದ ಮೇಲೂ ಆ ಪ್ರಶ್ನೆ ಆಕೆಯ ಬೆನ್ನು ಬಿಡಲಿಲ್ಲ. ಕಡತ ತೆರೆದಳು. ಹೆಸರು, ವರ್ಷ, ಶೀರ್ಷಿಕೆ ಎಲ್ಲ ಸರಿ. ಒಳಗೆ ಮಾತ್ರ ಮುಖಪುಟವಿಲ್ಲ, ನೇರ ಮೊದಲ ಅಧ್ಯಾಯ. ಸ್ಕ್ಯಾನ್ ಮಾಡಿದ ಪುಟಗಳ ಅಂಚಿನಲ್ಲಿ ಬೀಳುವ ಕಪ್ಪು ನೆರಳೂ ಇಲ್ಲ. ಕಪಾಟಿನತ್ತ ಓಡಿ, ಅದೇ ಸಂಖ್ಯೆಯ ದಪ್ಪ ರಟ್ಟಿನ ಪ್ರತಿ ಎಳೆದು ಬಿಡಿಸಿದಳು. ಕೆರೆ, ಹೂಳು, ಪಾಚಿ. ಬಾವಿಯ ಸುದ್ದಿಯೇ ಇಲ್ಲ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಇದೇ ಟೀಚರ್ ಕರಡನ್ನು ಪೆನ್‌ಡ್ರೈವಿನಲ್ಲಿ ತಂದು, "ಪುಟ ಸರಿಯಾಗಿ ಕೂತಿದೆಯಾ ನೋಡಿಕೊಡಿ ಅಕ್ಕಾ" ಎಂದಿದ್ದರು. ಉಪಕಾರಕ್ಕೆಂದು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಅಂದಿನ ಸ್ಕ್ಯಾನ್‌ಗಳ ಪಕ್ಕದಲ್ಲೇ ಇಟ್ಟಿದ್ದಳು. ಅಂದು ಏರಿಸಬೇಕಾದದ್ದು ನಲವತ್ತು ಕಡತ. ಆ ಅವಸರದಲ್ಲಿ ಕೆರೆಯವರ ಹೆಸರಿಗೆ ಟೀಚರ ಕರಡು ಹೋಗಿ ಕೂತಿತ್ತು. ಟೀಚರ್ ತಮ್ಮ ಬರಹವನ್ನೇ ಕದ್ದ ಕಳ್ಳಿಯಾಗಿದ್ದರು.

ಕಡತ ಬದಲಾಯಿಸಲು ಐದು ನಿಮಿಷ ಸಾಕು. ಮತ್ತೆ ಪರೀಕ್ಷಿಸಿದರೆ ಹೋಲಿಕೆಯೇ ಬರುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಮೌಸಿನ ಮೇಲೆ ಕೈಯಿಟ್ಟು ಕೂತಳು. ಬದಲಾಯಿಸದೆಯೇ ಎದ್ದು ಮನೆಗೆ ಹೋದಳು.

ಗಂಡ ದರ್ಜಿ. ಹೊಲಿಗೆಯಂತ್ರದ ಮುಂದೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡ.

"ಎಡತೋಳನ್ನ ಬಲಕ್ಕೆ ಹೊಲಿದ ಹಾಗಾಯ್ತು ಬಿಡು. ಬಿಚ್ಚಿ ಹೊಲಿದ್ರೆ ಆಯ್ತು."

"ಅಂಗಿ ಹಾಕ್ಕೊಂಡೋರು ಬೀದೀಲಿ ನಗೆಪಾಟಲಾಗಿದ್ದಾರಲ್ಲ, ಅದನ್ನ ಯಾರು ಬಿಚ್ಚಿ ಹೊಲೀತಾರೆ?"

ಆತ ಪೆಡಲ್ ಮೇಲಿಂದ ಕಾಲು ತೆಗೆದ. "ಕೆಲಸ ಹೋಗತ್ತೇನೇ?"

"ಹೋದ್ರೂ ಹೋಯ್ತು" ಎಂದಳು.

ಬುಧವಾರ ಬೆಳಿಗ್ಗೆ ದಪ್ಪ ಪ್ರತಿಯನ್ನೂ ಕಡತದ ಮುದ್ರಿತ ಪುಟಗಳನ್ನೂ ಕಂಕುಳಲ್ಲಿಟ್ಟುಕೊಂಡು ಮುಖ್ಯ ಗ್ರಂಥಪಾಲಕರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎದ್ದು ಬಾಗಿಲು ಹಾಕಿದರು.

"ತಂತ್ರಾಂಶದ ದೋಷ ಅಂತ ಬರೆದುಬಿಡಿ. ನೀವೂ ಉಳೀತೀರಿ, ನಾನೂ ಉಳೀತೀನಿ."

"ಸಾರ್, ಯಂತ್ರದ ತಪ್ಪು ಅಂದ್ರೆ ಇನ್ನೂ ಎಷ್ಟು ಕಡತ ಹೀಗಾಗಿವೆ ಅಂತ ಯಾರೂ ಹುಡುಕಲ್ಲ. ನನ್ನ ಕೈತಪ್ಪು ಅಂದ್ರೆ ಹುಡುಕಲೇಬೇಕಾಗತ್ತೆ."

"ನಿಮ್ಮ ಗುತ್ತಿಗೆ ಮುಂದಿನ ತಿಂಗಳು ಮುಗಿಯತ್ತಲ್ಲಮ್ಮಾ."

"ಗೊತ್ತು ಸಾರ್."

ಅಲ್ಲೇ ಕೂತು ಬರೆದುಕೊಟ್ಟಳು. ಸಹಿಯ ಕೊನೆಯ ಗೀಟು ಕಾಗದದಾಚೆ ಮೇಜಿನ ಮೇಲೆ ಹೋಯಿತು.

ಗುರುವಾರ ಸಮಿತಿಯವರು ಆಕೆಯನ್ನು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಇಷ್ಟು ದಿನದಲ್ಲಿ ಒಬ್ಬರಾದರೂ ಕಪಾಟಿನ ಪ್ರತಿ ತೆಗೆದು ನೋಡಿದ್ದರೇ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ತಾನೂ ನೋಡಿರಲಿಲ್ಲವಲ್ಲ ಎಂದು ಸುಮ್ಮನಾದಳು. ಟೀಚರ ಮೇಲಿನ ಆರೋಪ ಅಂದೇ ಬಿದ್ದುಹೋಯಿತು.

ಹೊರಗೆ ಪಡಸಾಲೆಯಲ್ಲಿ ಟೀಚರ್ ಕಾದಿದ್ದರು.

"ಹತ್ತು ದಿನ ಅಕ್ಕಾ. ನಮ್ಮ ಶಾಲೇಲಿ ನಾನು ಹೋದ ತಕ್ಷಣ ಮಾತು ನಿಲ್ಲಿಸ್ತಿದ್ರು. ಸುಳ್ಳು ಹೇಳಲ್ಲ, ನಿಮ್ಮ ಮೇಲೆ ಸಿಟ್ಟಿದೆ."

"ಇರಲಿ ಟೀಚರೇ. ಇರಬೇಕಾದ್ದೇ."

ಟೀಚರ್ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದರು.

ಗುತ್ತಿಗೆಯನ್ನು ಒಂದು ವರ್ಷದ ಬದಲು ಆರು ತಿಂಗಳಿಗೆ ಮಾತ್ರ ಮುಂದುವರಿಸಿದರು. ಜೊತೆಗೊಂದು ಮೆಮೊ: ಏರಿಸಿದ ಪ್ರತಿಯೊಂದು ಕಡತವನ್ನೂ ಕಪಾಟಿನ ಪ್ರತಿಯೊಂದಿಗೆ ತಾಳೆ ನೋಡತಕ್ಕದ್ದು. ಕೈಗಾಡಿಯಲ್ಲಿ ಇಪ್ಪತ್ತಿಪ್ಪತ್ತು ಸಂಪುಟ ತಳ್ಳಿಕೊಂಡು ಬಂದು, ಮುಖಪುಟ, ನಡುವಿನ ಒಂದು ಪುಟ, ಕೊನೆಯ ಪುಟ ನೋಡುತ್ತ ಹೋದಳು. ಆರುನೂರು ಮುಗಿಯುವಷ್ಟರಲ್ಲಿ ಅದಲುಬದಲಾದ ಇನ್ನೂ ಎರಡು ಕಡತಗಳು ಸಿಕ್ಕವು. ಅವುಗಳಿಂದ ಯಾರಿಗಾದರೂ ತೊಂದರೆಯಾಗಿತ್ತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಇಬ್ಬರು ಲೇಖಕರಿಗೂ ಪತ್ರ ಬರೆದಳು. ಒಬ್ಬರು ಧನ್ಯವಾದ ಹೇಳಿದರು. ಇನ್ನೊಬ್ಬರಿಂದ ಉತ್ತರ ಬರಲಿಲ್ಲ. ದಿನಾ ಗ್ರಂಥಾಲಯಕ್ಕೆ ಬಂದ ತಕ್ಷಣ ಆಕೆ ಮೊದಲು ಅಂಚೆಪೆಟ್ಟಿಗೆಯನ್ನೇ ತೆರೆದು ನೋಡುತ್ತಾಳೆ.